ಇಂಜಿನ್ ಒಬ್ಬನಿಗೆ, ಬಾಡಿ ಒಬ್ಬನಿಗೆ

ಹೋದ ತಿಂಗಳು ಮಂಡ್ಯದ ನಮ್ಮ ಮನೆಯ ಅಡುಗೆಮನೆ ಕಿಟಕಿಯಿಂದ ಸುಟ್ಟ ಬಣ್ಣದ ವಾಸನೆ ಬಂತು. ತಗಡು ಕೊಯ್ಯುವ ಮಿಷನ್ನು ಓಡುವಾಗ ಕಬ್ಬಿಣ ಕೆಂಪಾಗುವುದಕ್ಕೂ ಮೊದಲು ಮೇಲಿನ ಬಣ್ಣ ಗುಳ್ಳೆಯೆದ್ದು ಸುಡುತ್ತದಲ್ಲ, ಆ ವಾಸನೆ. ಜೊತೆಗೆ ಒಂದಿಷ್ಟು ಪೆಟ್ರೋಲು. ಹಾಲು ಕಾಯಲು ಇಟ್ಟವಳು ಒಲೆ ಆರಿಸಿ ಹಿತ್ತಲ ಬಾಗಿಲಿಗೆ ಹೋದೆ. ಪಕ್ಕದ ಮನೆಯವರು ಹಳೇ ಕಾಲದ ಗೇರಿನ ಸ್ಕೂಟರೊಂದನ್ನು ಮಲಗಿಸಿಕೊಂಡು ಅದರ ಹೊಟ್ಟೆ ಕೊಯ್ಯುತ್ತಿದ್ದರು. ಬೈಕಿನ ಇಂಜಿನ್ ಕೂರಿಸುತ್ತಾರಂತೆ, ಮೊಬೈಲಿನಲ್ಲಿ ನೋಡಿ ಕಲಿತದ್ದಂತೆ. "ಮನೇಲೇ ಮಾಡ್ಬೋದು ಮೇಡಂ, ಏನ್ ಮಹಾ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಮನೆಯಲ್ಲೇ ಮಾಡಿದವನೊಬ್ಬನನ್ನು ನಾನು ಕಂಡಿದ್ದೇನೆ. ನನ್ನ ಚಿಕ್ಕಪ್ಪ...

ಅಪ್ಪ ಮತ್ತು ಚಿಕ್ಕಪ್ಪ, ಇಬ್ಬರೇ ಗಂಡುಮಕ್ಕಳು. ನಮ್ಮೂರು ಭಾರತೀನಗರದ ಹತ್ತಿರ, ನಾಲೆ ಬಯಲಿನಲ್ಲಿ. ತಾತನಿಗೆ ಗದ್ದೆಯೂ ಇತ್ತು, ಸ್ವಂತ ಆಲೆಮನೆಯೂ ಇತ್ತು. ನಮ್ಮ ಮನೆಯ ಗಂಡಸರಲ್ಲಿ ಮೊದಲು ಕೈ ಮಾತಾಡುತ್ತಿತ್ತು, ಬಾಯಿ ಆಮೇಲೆ. ಚಿಕ್ಕಪ್ಪನ ಎಡಗಿವಿಗೆ ತುದಿ ಇರಲಿಲ್ಲ. ಹುಡುಗರಾಗಿದ್ದಾಗ ಅಪ್ಪ ಕಚ್ಚಿ ಹರಿದದ್ದು. ಅಪ್ಪನ ಬೆನ್ನಿನ ಮೇಲೆ ಅಂಗೈ ಅಗಲದ ಸುಟ್ಟ ಕಲೆ ಇತ್ತು. ಕುದಿಯುವ ಬೆಲ್ಲಕ್ಕೆ ಅದ್ದಿದ ಸೌಟಿನಲ್ಲಿ ಚಿಕ್ಕಪ್ಪ ಬಾರಿಸಿದ್ದು. ಹೀಗೆ ಬಡಿದಾಡಿದವರೇ ಸಂಜೆ ಒಂದೇ ತಟ್ಟೆಗೆ ಕೈ ಹಾಕಿ ಉಣ್ಣುತ್ತಿದ್ದರು ಎಂದು ಅಜ್ಜಿ ಹೇಳುತ್ತಿದ್ದಳು. ಮಿತಿ ಮೀರಿದ ದಿನ ತಾತ ಇಬ್ಬರನ್ನೂ ಬಾರುಗೋಲಿನಲ್ಲಿ ತದುಕಿ ಆಲೆಮನೆಯ ಕಂಬಕ್ಕೆ ಕಟ್ಟಿಹಾಕುತ್ತಿದ್ದನಂತೆ. ತಾತ ಸತ್ತ ಮೇಲೆ ತದುಕುವವರು ಯಾರೂ ಉಳಿಯಲಿಲ್ಲ. ವರ್ಷ ತುಂಬುವ ಮೊದಲೇ ಭಾಗಕ್ಕೆ ಕೂತರು.

ನಾನು ಆಗ ಭಾರತೀನಗರದಲ್ಲಿ ಡಿಗ್ರಿ ಓದುತ್ತಿದ್ದೆ. ಭಾಗದ ದಿನ ಜಗಲಿಯ ಮೇಲೆ ಊರಿನ ಯಜಮಾನರು ಕೂತಿದ್ದರು. ಬೆಳಗಿನಿಂದ ಗದ್ದೆಯ ಬದುವಿಗೆ ಜಗಳ, ಹಂಡೆಗೆ ಜಗಳ, ಹಲಸಿನ ಮರದ ನೆರಳಿಗೂ ಜಗಳ. ಹಳೇ ಮನೆ ಅಪ್ಪನಿಗೆ, ಹಿತ್ತಲ ಜಾಗ ಚಿಕ್ಕಪ್ಪನಿಗೆ ಅಂತಾಯಿತು. ಅಜ್ಜಿ ದೊಡ್ಡವನ ಮನೆಯಲ್ಲಿರಲಿ ಅಂದರು. ಚಿಕ್ಕಪ್ಪ ಅದಕ್ಕೆ ತುಟಿ ಕಚ್ಚಿಕೊಂಡ. ಕೊನೆಗೆ ಉಳಿದದ್ದು ತಾತನ ಬೈಕು. ಎರಡು ಸೈಲೆನ್ಸರಿನ, ಪಟಪಟ ಎಂದು ಇಡೀ ಊರಿಗೆ ಕೇಳುವ ಹಳೇ ಬೈಕು. ಅಜ್ಜಿಯನ್ನು ಹಿಂದೆ ಕೂರಿಸಿಕೊಂಡು ತಾತ ಮದ್ದೂರಿಗೆ ಹೋಗುತ್ತಿದ್ದದ್ದು ಅದರಲ್ಲೇ. ಅದನ್ನು ಇಬ್ಬರೂ ಬಿಡಲೊಲ್ಲರು. ಬಿಸಿಲು ನೆತ್ತಿಗೆ ಬಂದಿತ್ತು, ಯಜಮಾನರಿಗೆ ಹಸಿವಾಗಿತ್ತು. ಅವರು ಬಾಯಲ್ಲಿದ್ದ ಎಲೆಅಡಿಕೆ ಉಗಿದು ರೇಗಿದರು.

"ಅಂಗಾದ್ರೆ ಇಂಜಿನ್ ಒಬ್ಬ ಕಿತ್ಕಳಿ, ಬಾಡಿ ಒಬ್ಬ ಒತ್ಕಂಡೋಗಿ. ಕೇಡ್ಗಾಲ ಬಂದದೆ ನಿಮ್ಗೆ."

"ಇಂಜಿನ್ ನಂಗಿರ್ಲಿ" ಅಂದ ಚಿಕ್ಕಪ್ಪ, ತಕ್ಷಣ.

"ಬಾಡಿ ನಂದು" ಅಂದ ಅಪ್ಪ.

ಯಜಮಾನರು ಗಾಬರಿಯಾದರು. "ಲೇ, ನಾನು ಬೈದದ್ದು ಕಣ್ರಲಾ, ಬಾಯಿಗೆ ಬಂದದ್ದ ಅಂದೆ" ಎಂದು ಎಷ್ಟು ಹೇಳಿದರೂ ಇಬ್ಬರೂ ಕೇಳಲಿಲ್ಲ. ಜಗಲಿ ಮೇಲೆ ಕೂತು ಆಡಿದ ಮಾತು, ನ್ಯಾಯದ ಮಾತು, ಈಗ ವಾಪಸು ತಗೊಳ್ಳುವುದು ಹೆಂಗೆ ಅಂತ ಇಬ್ಬರದೂ ಒಂದೇ ವಾದ. ಬೆಳಗಿನಿಂದ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ. ಬೈದದ್ದನ್ನೇ ತೀರ್ಮಾನ ಅಂತ ಇಟ್ಟುಕೊಳ್ಳುವ ಮೂರ್ಖರನ್ನು ನಮ್ಮ ಮನೆಯಲ್ಲಿ ಬಿಟ್ಟು ಇನ್ನೆಲ್ಲೂ ನಾನು ನೋಡಿಲ್ಲ.

ಮಾರನೇ ದಿನ ಭಾರತೀನಗರದಿಂದ ಮೆಕ್ಯಾನಿಕ್ ಬಂದು ನಮ್ಮ ಅಂಗಳದಲ್ಲೇ ಇಂಜಿನ್ ಇಳಿಸಿದ. ಸೈಲೆನ್ಸರ್ ಎರಡಿದ್ದವು ಪುಣ್ಯಕ್ಕೆ, ಒಂದೊಂದು ಹಂಚಿಕೊಂಡರು. ಚೈನು ಒಂದೇ ಇತ್ತು. ಹಿಂದಿನ ಚಕ್ರಕ್ಕೆ ಸುತ್ತಿದೆ, ಆದ್ದರಿಂದ ಬಾಡಿಯದು ಅಂದ ಅಪ್ಪ. ಇಂಜಿನ್ ಇಲ್ಲದ ಚೈನು ತಗೊಂಡು ನೇಣು ಹಾಕ್ಕೊಳ್ತೀಯಾ ಅಂದ ಚಿಕ್ಕಪ್ಪ. ಆ ಮಾತು ಮುಗಿಯುವಷ್ಟರಲ್ಲಿ ಅಪ್ಪ ಚೈನನ್ನು ಕೈಗೆ ಸುತ್ತಿಕೊಂಡು ಬೀಸಿದ. ಚಿಕ್ಕಪ್ಪನ ಹುಬ್ಬು ಸೀಳಿ ರಕ್ತ ಕಣ್ಣಿಗೆ ಇಳಿಯಿತು. ಅವನು ನೆಲದಲ್ಲಿ ಬಿದ್ದಿದ್ದ ಫುಟ್‌ರೆಸ್ಟಿನ ಕಬ್ಬಿಣ ಎತ್ತಿಕೊಂಡು ಅಪ್ಪನ ಬಾಯಿಗೆ ಕೊಟ್ಟ. ಅಪ್ಪ ಹಲ್ಲನ್ನು ಅಂಗೈಗೆ ಉಗಿದುಕೊಂಡು ನೋಡಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮೆಕ್ಯಾನಿಕ್ ತನ್ನ ಚೀಲ ಬಿಟ್ಟು ಓಡಿದ. ಅಜ್ಜಿ ಕುಂಟಿಕೊಂಡು ಬಂದು ಪೊರಕೆಯಲ್ಲಿ ಇಬ್ಬರಿಗೂ ಬಾರಿಸಿದಳು, ಅವಳ ಕೈ ಸೋತಿತೇ ಹೊರತು ಅವರು ಬಿಡಲಿಲ್ಲ.

ಕೊನೆಗೆ ಅಪ್ಪ ಚೈನನ್ನು ಒರಳುಕಲ್ಲಿನ ಮೇಲಿಟ್ಟು, ಉಳಿ ಇಟ್ಟು, ಸುತ್ತಿಗೆಯಲ್ಲಿ ಹೊಡೆದು ಎರಡು ತುಂಡು ಮಾಡಿದ. ಒಂದನ್ನು ಚಿಕ್ಕಪ್ಪನ ಮುಖದ ಮೇಲೆ ಎಸೆದ. "ತಗಾ, ನಿನ್ ಪಾಲು."

ಚಿಕ್ಕಪ್ಪ ಅದನ್ನು ಎತ್ತಿಕೊಂಡ. ಎತ್ತಿಕೊಳ್ಳದೆ ಹೋಗಿದ್ದರೆ...

ಹಿತ್ತಲ ಜಾಗದಲ್ಲಿ ಮನೆ ಕಟ್ಟದೆ, ಸಿಟ್ಟಿಗೆ ಅವನು ಭಾರತೀನಗರದಲ್ಲಿ ಬಾಡಿಗೆ ಮನೆ ಹಿಡಿದ. ಅಲ್ಲೇ ಕಿಟಕಿ, ಗೇಟು ಮಾಡುವ ಅಂಗಡಿಯಲ್ಲಿ ಮೊದಲಿನಿಂದಲೂ ವೆಲ್ಡಿಂಗ್ ಕೆಲಸ ಮಾಡುತ್ತಿದ್ದ. ಚಿಕ್ಕಮ್ಮ, ಪುಟ್ಟ ಮಗಳು ಜೊತೆಗೆ. ನಮ್ಮ ಮನೆಯಲ್ಲಿ ಇಂಜಿನ್ ಇಲ್ಲದ ಬಾಡಿ ಕೊಟ್ಟಿಗೆಯ ಗೋಡೆಗೆ ಒರಗಿ ನಿಂತಿತು. ಅಪ್ಪ ಅದಕ್ಕೆ ಎಮ್ಮೆಕರು ಕಟ್ಟುತ್ತಿದ್ದ.

ನಾನು ಕಾಲೇಜು ಬಿಟ್ಟ ಮೇಲೆ ಬಸ್ಸು ಬರುವವರೆಗೆ ಚಿಕ್ಕಪ್ಪನ ಮನೆಯಲ್ಲಿ ಇರುತ್ತಿದ್ದೆ. ಅಪ್ಪನಿಗೆ ಗೊತ್ತಿತ್ತು, ಕೇಳುತ್ತಿರಲಿಲ್ಲ. ಆ ಮನೆಯ ಹಿಂದಿನ ಶೀಟಿನ ಮರೆಯಲ್ಲಿ ಚಿಕ್ಕಪ್ಪ ಗುಜರಿಯಿಂದ ತಂದ ಒಂದು ಸ್ಕೂಟರ್ ಮಲಗಿಸಿಕೊಂಡಿದ್ದ. ಅದರ ಸ್ವಂತ ಇಂಜಿನ್ ಎಂದೋ ಸತ್ತಿತ್ತು. ಅದಕ್ಕೆ ತಾತನ ಇಂಜಿನ್ ಹಾಕುತ್ತೇನೆ ಅಂದ.

"ಬೈಕಿಂದೇ ಒಂದು ಹಳೇ ಬಾಡಿ ಸಿಗಲ್ವಾ ಚಿಕ್ಕಪ್ಪ, ಸ್ಕೂಟರ್ ಯಾಕೆ?" ಎಂದು ಕೇಳಿದೆ.

"ಅಜ್ಜಿಗೆ ಮಂಡಿನೋವು ಕಣಮ್ಮಿ. ಬೈಕ್ ಮ್ಯಾಕೆ ಏರಾಕಾದದಾ? ಇದಾದ್ರೆ ಮಣೆ ಮ್ಯಾಲೆ ಕೂತಂಗೆ ಕೂತ್ಕತಾಳೆ. ಬಂದು ನನ್ ಮನೇಲಿ ಒಂದೊತ್ತು ಉಂಡ್ರೆ ಸಾಕು."

ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಆಟೋ ಮಾಡಿಕೊಂಡು ಬಾ ಅಂದರೆ ಅಜ್ಜಿ ಒಪ್ಪಿರಲಿಲ್ಲ. "ಕಳ್ಳಿಯಂಗೆ ಆಟೋದಲ್ಲಿ ಓಗಾಕೆ ನಾನೇನು ಓಡೋಯ್ತಿದ್ದೀನಾ? ನನ್ ಮಗ ಬಂದು ಬಾಗ್ಲಲ್ಲಿ ನಿಂತು ಕರೀಲಿ, ಓಯ್ತೀನಿ" ಅಂತ ನನ್ನ ಕೈಲೇ ಹೇಳಿಕಳಿಸಿದ್ದಳು. ಅಪ್ಪನೋ, ಉಣ್ಣುವಾಗಲೆಲ್ಲ ಒಂದೇ ಮಾತು: "ಅವ್ವ ನನ್ ಪಾಲಿಗೆ ಬಂದವ್ಳೆ. ಅವ್ನು ಈ ಅಂಗ್ಳ ತುಳುದ್ರೆ ಕಾಲು ಕಡ್ದಾಕ್ತೀನಿ." ಹೆತ್ತ ತಾಯಿಯನ್ನು ಹಂಡೆಯ ಜೊತೆ ಸೇರಿಸಿ ಮಾತಾಡುತ್ತಿದ್ದೀನಿ ಅನ್ನುವುದು ಅವನಿಗೆ ಹೊಳೆಯುತ್ತಲೇ ಇರಲಿಲ್ಲ.

ಚಿಕ್ಕಪ್ಪ ಗಾಡಿ ಕಟ್ಟುತ್ತಿದ್ದ ರೀತಿ ನೋಡಿದರೆ ಭಯವಾಗುತ್ತಿತ್ತು. ಕಾಲಿಡುವ ಜಾಗದ ತಗಡನ್ನು ಕೊಯ್ಯುವಾಗ ಕಿಡಿ ಹಾರಿ ಅವನ ಮೊಳಕೈವರೆಗೂ ಬೊಬ್ಬೆ. ಕನ್ನಡಕ ಹಾಕಿಕೊಳ್ಳುತ್ತಿರಲಿಲ್ಲ. ಕಬ್ಬಿಣದ ಪೈಪು ಬಗ್ಗಿಸಿ ಒಳಗೆ ಹೊಸ ಚೌಕಟ್ಟು ವೆಲ್ಡ್ ಮಾಡಿದ. ಇಂಜಿನ್ ಕೂರದಿದ್ದರೆ ಅಳತೆ ನೋಡುವ ಬದಲು ದೊಡ್ಡ ಸುತ್ತಿಗೆ ತಗೊಂಡು ಸ್ಕೂಟರಿಗೆ ಬಡಿಯುತ್ತಿದ್ದ, ಒಂದೊಂದು ಪೆಟ್ಟಿಗೂ ಅಪ್ಪನನ್ನು ಬೈಯುತ್ತ. ಒಂದು ಸಲ ಕಿಕ್ ತಿರುಗಿ ಮೊಳಕಾಲಿನ ಕೆಳಗಿನ ಮೂಳೆಗೆ ಬಡಿಯಿತು. ಆ ನೋವಿಗೆ ಇಂಜಿನ್ನಿನ ಮೇಲೆ ಮುಷ್ಟಿಯಿಂದ ಗುದ್ದಿ ಬೆರಳು ಮುರಿದುಕೊಂಡ. ಬೆರಳಿಗೆ ಬಟ್ಟೆ ಸುತ್ತಿ ಮತ್ತೆ ಸ್ಪಾನರ್ ಹಿಡಿದ. ಬಾಗಿಲಲ್ಲಿ ನಿಂತ ಚಿಕ್ಕಮ್ಮ ನನಗೆ ಹೇಳಿದಳು, "ಗಾಡಿ ಕಟ್ತಾವ್ನೋ ಕೊಲೆ ಮಾಡ್ತಾವ್ನೋ ಗೊತ್ತಾಗಕಿಲ್ಲ ಕಣಮ್ಮಿ."

ನನಗೆ ಅವನೆಂದರೆ ಪ್ರಾಣ. ಹೀಗೆ ಹೇಳಿದರೆ ಕೇಳುವವರಿಗೆ ವಿಚಿತ್ರ ಅನ್ನಿಸಬಹುದು, ಆದರೆ ಆ ಒರಟನಿಗೆ ಒಂದು ಗುಣವಿತ್ತು. ಸಿಟ್ಟು ಇಳಿದ ಮೇಲೆ ತಾನು ಬಡಿದ ಜಾಗವನ್ನು ಕೈಯಿಂದ ಸವರುತ್ತಿದ್ದ, ಅದು ತಗಡಾಗಲಿ, ನಾಯಿಯಾಗಲಿ. ನಾನು ಬಸ್ಸಿಗೆ ಹೊರಟರೆ ಮಸಿ ಕೈಯಲ್ಲೇ ಜೇಬಿನಿಂದ ಹುರಿಗಡಲೆ ತೆಗೆದು ಕೊಡುತ್ತಿದ್ದ. ಅದರಲ್ಲಿ ಗ್ರೀಸಿನ ರುಚಿ ಇರುತ್ತಿತ್ತು. ತಿನ್ನುತ್ತಿದ್ದೆ.

ಚೈನಿಗೆ ಅವನು ಅಪ್ಪ ಎಸೆದ ತುಂಡನ್ನೇ ಹಾಕಿದ. ಸವೆದು ಸಡಿಲವಾಗಿದ್ದ ಅದಕ್ಕೆ ಹೊಸ ಚೈನಿನ ತುಂಡೊಂದನ್ನು ಕೊಂಡಿ ಹಾಕಿ ಸೇರಿಸಿದ. ಹಳೆಯದೂ ಹೊಸದೂ ಒಂದೇ ಸಮ ಎಳೆಯುವುದಿಲ್ಲ, ಚಕ್ರದ ಹಲ್ಲಿನ ಮೇಲೆ ಹಾರುತ್ತದೆ, ಪೂರ್ತಿ ಹೊಸದು ಹಾಕಣ್ಣ ಅಂತ ಚೈನು ಮಾರಿದ ಅಂಗಡಿಯವನೇ ಹೇಳಿದ್ದನಂತೆ. ಕೇಳಲಿಲ್ಲ. "ಇದು ನಮ್ಮಪ್ಪನ ಚೈನು" ಅನ್ನುತ್ತಿದ್ದ.

ಊರಲ್ಲಿ ಒಂದು ಸಂಜೆ ಅಪ್ಪ ಕರುವಿಗೆ ಹುಲ್ಲು ಹಾಕುತ್ತ, ನನ್ನ ಕಡೆ ನೋಡದೆ, "ಕಟ್ಟಿದ್ನಾ?" ಅಂದ. ಹೂಂ ಅಂದೆ. ಇನ್ನೊಂದು ಹಿಡಿ ಹುಲ್ಲು ಹಾಕಿ, "ಆ ಅರ್ಧ ಚೈನೇ ಹಾಕಿದ್ರೆ ತಡಿಯಾಕಿಲ್ಲ, ಬದಲಾಯ್ಸು ಅಂತೇಳು" ಅಂದ. ಭಾಗವಾದ ಮೇಲೆ ಅಪ್ಪ ತಮ್ಮನಿಗೆ ಕಳಿಸಿದ ಒಳ್ಳೆಯ ಮಾತು ಅದೊಂದೇ. ನಾನು ಮರುದಿನವೇ ಹೋಗಿ ಖುಷಿಯಿಂದ ಹೇಳಿದೆ. ಚಿಕ್ಕಪ್ಪನ ಮುಖ ಕಪ್ಪಾಯಿತು. "ಕಡ್ದವ್ನೇ ಬುದ್ಧಿ ಹೇಳ್ಕಳಿಸ್ತಾವ್ನಾ? ಇದೇ ಚೈನಲ್ಲೇ ಅವ್ನ ಮುಂದೆ ಓಡುಸ್ತೀನಿ ಅಂತೇಳೋಗು." ಆಮೇಲೆ ಅದನ್ನು ಬದಲಾಯಿಸಲು ದೇವರು ಬಂದು ಹೇಳಿದ್ದರೂ ಅವನು ಕೇಳುತ್ತಿರಲಿಲ್ಲ.

ಅವನು ಬಂದದ್ದು ಒಂದು ಭಾನುವಾರ, ಮಧ್ಯಾಹ್ನಕ್ಕೆ ಮುಂಚೆ. ಊರ ಬಾಗಿಲಿನಿಂದಲೇ ಶಬ್ದ ಕೇಳಿಸಿತು. ಎರಡನೇ ಸೈಲೆನ್ಸರಿನ ಜಾಗದಲ್ಲಿ ನೀರಿನ ಪೈಪು ಹಾಕಿದ್ದರಿಂದ ಸ್ವಲ್ಪ ಗೊಗ್ಗರಾಗಿತ್ತು, ಆದರೂ ಅದು ತಾತನ ಬೈಕಿನದೇ ಶಬ್ದ. ಅಜ್ಜಿ ಅವರೆಕಾಯಿ ಸುಲಿಯುತ್ತ ಕೂತಿದ್ದವಳು ಮೊರ ಬದಿಗಿಟ್ಟು ಎದ್ದಳು. ಒಳಗೆ ಹೋಗಿ ಸೀರೆ ಬದಲಿಸಿಕೊಂಡು, ತಲೆಗೆ ಎಣ್ಣೆ ಸವರಿಕೊಂಡು ಬಂದಳು. ಅಷ್ಟರಲ್ಲಿ ಚಿಕ್ಕಪ್ಪ ಅಂಗಳಕ್ಕೇ ಗಾಡಿ ತಂದು ನಿಲ್ಲಿಸಿದ್ದ. ಹಸಿರು ಸ್ಕೂಟರು, ಎರಡೂ ಪಕ್ಕ ಪೆಟ್ಟು ತಿಂದ ತಗಡು, ಹೊಟ್ಟೆಯ ನಡುವೆ ಕಪ್ಪು ಇಂಜಿನ್. ಇಂಜಿನ್ ಆರಿಸದೆ, ಬಾಗಿಲಿನ ಮುಂದೆ ನಿಂತು, "ಅವ್ವ, ಬಾ, ನಮ್ಮನೇಲಿ ಉಣ್ಣಿವಂತೆ" ಅಂತ ಕರೆದ. ಅಜ್ಜಿ ನಿಜವಾಗಿಯೂ ಮಣೆಯ ಮೇಲೆ ಕೂತಂತೆ ಕೂತಳು. ನಕ್ಕಳು ಕೂಡ.

ಆ ಶಬ್ದ ಕಬ್ಬಿನ ಗದ್ದೆಯಲ್ಲಿದ್ದ ಅಪ್ಪನಿಗೂ ಕೇಳಿತ್ತು.

ಕಬ್ಬು ಕಡಿಯುವ ಮಚ್ಚು ಕೈಯಲ್ಲೇ ಇತ್ತು. ಓಡಿ ಬಂದವನೇ ಬೀಸಿದ. ಮೊದಲ ಏಟು ಮುಂದಿನ ಲೈಟಿಗೆ, ಗಾಜು ಸಿಡಿದು ನನ್ನ ಕಾಲಿಗೆ ಚುಚ್ಚಿತು. ಎರಡನೆಯದು ತಗಡಿಗೆ ಬಿದ್ದು ಮಚ್ಚು ಅಲ್ಲೇ ಸಿಕ್ಕಿಕೊಂಡಿತು. ಚಿಕ್ಕಪ್ಪ ಹಾರಿ ಅಪ್ಪನ ಕುತ್ತಿಗೆ ಹಿಡಿದ. ಇಬ್ಬರೂ ಅಂಗಳದಲ್ಲಿ ಹೊರಳಾಡಿದರು. ಚಿಕ್ಕಪ್ಪ ಅಪ್ಪನ ತಲೆಯನ್ನು ನೆಲಕ್ಕೆ ಕುಕ್ಕಿದ, ಅಪ್ಪ ಅವನ ಮುರಿದಿದ್ದ ಬೆರಳನ್ನೇ ಹುಡುಕಿ ತಿರುಚಿದ. ಅವನು ಕಿರುಚಿಕೊಂಡು ಬಿಟ್ಟ ಕೂಡಲೇ ಅಪ್ಪ ಎದ್ದು ಹೋಗಿ ಅಜ್ಜಿಯ ಬಲತೋಳು ಹಿಡಿದು ಎಳೆದ. "ಇಳಿಯವ್ವ, ನನ್ ಮನೆ ಬುಟ್ಟು ಎಲ್ಲಿಗೋದಿಯೆ?" ಚಿಕ್ಕಪ್ಪ ಆ ಕಡೆಯಿಂದ ಎಡತೋಳು ಹಿಡಿದ. "ಬುಡ್ಲಾ, ಅವ್ವ ತಾನಾಗೇ ಕೂತವ್ಳೆ."

ಇಬ್ಬರೂ ಎಳೆದರು. ಮೊದಲು ಬಿಟ್ಟವನು ಸೋತ ಹಾಗೆ, ಅಷ್ಟೇ ಅವರ ತಲೆಯಲ್ಲಿದ್ದದ್ದು. ಅಜ್ಜಿ ನಡುವೆ, ಎರಡೂ ತೋಳು ಚಾಚಿ, ಬಾಯಿ ತೆರೆದುಕೊಂಡು. "ಕೊಯ್ಕಳಿ ಕಣ್ರಲಾ, ನನ್ನೂ ಕೊಯ್ಕಂಡು ಓಗಿ" ಅಂದಳು. ಆಮೇಲೆ ಅವಳ ಬಲಭುಜದಿಂದ ಒಂದು ಶಬ್ದ ಬಂತು. ಹಸಿ ಕಬ್ಬು ಮುರಿದ ಹಾಗೆ.

ಆಗಲೂ ಅಪ್ಪ ಬಿಡಲಿಲ್ಲ. ಬಿಡಿಸಿದ್ದು ನಮ್ಮ ಅವ್ವ. ಅಪ್ಪನ ಎದುರು ಎಂದೂ ತಲೆಯೆತ್ತದ ನನ್ನ ತಾಯಿ ಒಳಗಿನಿಂದ ಒನಕೆ ತಂದು ಅಪ್ಪನ ಮಣಿಕಟ್ಟಿನ ಮೇಲೆ ಹಾಕಿದಳು. ಮಣಿಕಟ್ಟು ಮುರಿಯಿತು. ಅಜ್ಜಿ ಚಿಕ್ಕಪ್ಪನ ಎದೆಯ ಮೇಲೆ ಬಿದ್ದಳು.

ಅವನು ಅಜ್ಜಿಯನ್ನು ಜಗಲಿಯ ಮೇಲೆ ಮಲಗಿಸಿ ಅವಳ ಭುಜ ಸವರಲು ಹೋದ. ಅವಳು ಚೀರಿದ್ದಕ್ಕೆ ಕೈ ಹಿಂದಕ್ಕೆ ತಗೊಂಡ. ಅವನು ಅಳುತ್ತಿದ್ದುದನ್ನು ನಾನು ಮೊದಲ ಸಲ ನೋಡಿದೆ. "ಮೂಳೆ ಕಟ್ಟೋರ್ನ ಕರ್ಕಂಡು ಬತ್ತೀನಿ ಅವ್ವ, ಅಳ್ಬೇಡ" ಅಂದು, ತಗಡಿಗೆ ಕಚ್ಚಿದ್ದ ಮಚ್ಚನ್ನು ಕಿತ್ತೆಸೆದು, ಗಾಡಿ ತಿರುಗಿಸಿಕೊಂಡು ಹೋದ. ಮೂಳೆ ಕಟ್ಟುವವರು ಇದ್ದದ್ದು ನಾಲೆಯ ಆಚೆಯ ಊರಲ್ಲಿ. ಅಪ್ಪ ಮುರಿದ ಕೈ ಎದೆಗೆ ಒತ್ತಿಕೊಂಡು, "ನೋಡು, ಹೇಡಿ, ಓಡೋದ" ಅಂದ.

ನಾವು ಕಾದೆವು. ಮೂಳೆ ಕಟ್ಟುವವರು ಬರಲಿಲ್ಲ. ನಾಲೆಯ ಏರಿ ಮೇಲೆ ಎತ್ತು ಹೊಡೆದುಕೊಂಡು ಬರುತ್ತಿದ್ದವರು ಬಂದು ಹೇಳಿದರು. ಜೋರಾಗಿ ಬಂತಂತೆ ಗಾಡಿ, ಚೈನು ಹರಿದು ಹಿಂದಿನ ಚಕ್ರಕ್ಕೆ ಸುತ್ತಿಕೊಂಡಿತಂತೆ, ಚಕ್ರ ಕಚ್ಚಿಕೊಂಡು ಗಾಡಿ ಅವನನ್ನು ನಾಲೆಗೆ ಎತ್ತಿ ಎಸೆಯಿತಂತೆ. ನಾಲೆ ತುಂಬಿ ಹರಿಯುತ್ತಿತ್ತು. ಅಪ್ಪ ಓಡಿಹೋಗಿ ಆ ಮುರಿದ ಕೈಯಲ್ಲೇ ನೀರಿಗೆ ಹಾರಿದ. ಜನ ಅವನನ್ನು ಎಳೆದು ಮೇಲೆ ಹಾಕಿದಷ್ಟು ಸಲವೂ ಬೈದುಕೊಂಡು, ಒದ್ದುಕೊಂಡು ಮತ್ತೆ ಬಿದ್ದ. ಚಿಕ್ಕಪ್ಪ ಮರುದಿನ ಕೆಳಗಿನ ತೂಬಿನ ಹತ್ತಿರ ಸಿಕ್ಕ. ತೂಬಿನ ಕಲ್ಲಿಗೆ ಬಡಿದೂ ಬಡಿದೂ ಮುಖ ಹೋಗಿತ್ತು. ಕಿವಿಯ ತುದಿ ಇಲ್ಲದ್ದನ್ನು ನೋಡಿ ಅಪ್ಪನೇ ಗುರುತು ಹಿಡಿದ.

ಚೈನು ಹರಿದದ್ದು ಹಳೇ ತುಂಡಿನಲ್ಲಿ. ಅದನ್ನು ಯಾರೂ ಅಪ್ಪನಿಗೆ ಹೇಳಬೇಕಾಗಿರಲಿಲ್ಲ.

ಅಜ್ಜಿ ಆ ತೋಳು ಎತ್ತಲಾಗದೆ ಕೆಲವು ವರ್ಷ ಬದುಕಿದ್ದಳು. ಅಪ್ಪನ ಕೈಯಿಂದ ನೀರು ಕುಡಿಯಲಿಲ್ಲ, ಅವ್ವ ಅಥವಾ ನಾನು ಕೊಡಬೇಕಿತ್ತು. ಚಿಕ್ಕಮ್ಮ ಮಗಳನ್ನು ಕರೆದುಕೊಂಡು ಮಳವಳ್ಳಿಯ ತವರಿಗೆ ಹೋದಳು, ಅಲ್ಲೇ ಅಂಗನವಾಡಿಯಲ್ಲಿ ಕೆಲಸಕ್ಕೆ ಸೇರಿದಳು. ಹೋಗುವ ದಿನ ಅಪ್ಪ ಬಸ್‌ಸ್ಟ್ಯಾಂಡಿಗೆ ಹೋಗಿ ದೂರ ನಿಂತಿದ್ದ. ಅವಳು ಅವನ ಕಡೆ ಮಣ್ಣು ತೂರಿ ಬಸ್ಸು ಹತ್ತಿದಳು.

ನಾನು ಮದುವೆಯಾಗಿ ಮಂಡ್ಯಕ್ಕೆ ಬಂದೆ. ಈಗಲೂ ಪ್ರತಿ ವರ್ಷ ಪಿತೃಪಕ್ಷಕ್ಕೆ ಊರಿಗೆ ಹೋಗುತ್ತೇನೆ. ನಮ್ಮಲ್ಲಿ ಸತ್ತವರಿಗೆ ಎಡೆ ಇಟ್ಟು, ಬಾಗಿಲು ಮುಂದಕ್ಕೆ ಎಳೆದುಕೊಂಡು, ಅವರು ಉಂಡು ಹೋಗಲಿ ಅಂತ ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ಕೂರುತ್ತೇವೆ. ತಾತನಿಗೆ, ಅಜ್ಜಿಗೆ ಎಲೆ ಹಾಕಿದ ಮೇಲೆ ಅಪ್ಪ ಮೂರನೆಯದೊಂದು ಎಲೆ ಹಾಕುತ್ತಾನೆ. ಮುದ್ದೆ, ತಲೆಮಾಂಸದ ಸಾರು, ಒಂದು ಕಟ್ಟು ಬೀಡಿ. ಬದುಕಿದ್ದಾಗ ಅಂಗಳ ತುಳಿಯಬಾರದು ಅನ್ನಿಸಿಕೊಂಡವನಿಗೆ ನಡುಮನೆಯಲ್ಲಿ ಎಲೆ. ನೋಡಿದಾಗಲೆಲ್ಲ ನನಗೆ ಸಿಟ್ಟೇ ಬರುತ್ತಿತ್ತು. ಬಡಿಸಬೇಕೆಂದಿದ್ದರೆ ಆಗ ಬಡಿಸಬೇಕಿತ್ತು.

ಈ ಸಲ ಎಲೆ ಹಾಕಿ ಇನ್ನೂ ಬಾಗಿಲು ಎಳೆದಿರಲಿಲ್ಲ, ಮಳವಳ್ಳಿಯಿಂದ ನನ್ನ ಮೊಬೈಲಿಗೆ ಫೋನು ಬಂತು. ಚಿಕ್ಕಪ್ಪನ ಮಗಳು. ಅವಳು ಎಂದೂ ಮಾಡಿದವಳಲ್ಲ. ಕೈಗೆ ಅರಿಶಿನ ಮೆತ್ತಿತ್ತು, ಸ್ಪೀಕರಿಗೆ ಹಾಕಿದೆ.

"ಅಕ್ಕ, ದೊಡ್ಡಪ್ಪ ಅಲ್ಲಿ ನಮ್ಮಪ್ಪಂಗೆ ಎಡೆ ಇಡ್ತಾರಂತೆ, ಊರವ್ರು ಯಾರೋ ಅಂದ್ರು. ಇಡದು ಬೇಡ ಅಂತೇಳಕ್ಕ. ನಾವಿಲ್ಲಿ ಇಟ್ಟಿದ್ದೀವಿ. ಅವ್ರು ಅಲ್ಲಿಗೆ ಬರ್ಬೇಕೋ ಇಲ್ಲಿಗೆ ಬರ್ಬೇಕೋ? ನಮ್ಮಪ್ಪನ್ನೂ ಪಾಲು ಮಾಡ್ಬೇಡಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಕೇಳಿಕೊಳ್ಳುವ ಹಾಗಿತ್ತು. ಅಪ್ಪ ಗೋಡೆ ಹಿಡಿದು ನಿಂತಿದ್ದ. ಈಗ ಮುದುಕನಾಗಿದ್ದಾನೆ, ಆ ಮಣಿಕಟ್ಟು ಸೊಟ್ಟಗೇ ಕೂಡಿಕೊಂಡಿದೆ.

"ಏನ್ ಮಾಡಿಟ್ಟವ್ರೆ ಅಂತ ಕೇಳು" ಅಂದ.

ಅವಳಿಗೆ ಕೇಳಿಸಿತು. "ಮುದ್ದೆ, ಬೋಟಿ ಗೊಜ್ಜು" ಅಂದಳು.

ಅಪ್ಪ ಮೂರನೇ ಎಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತ. ಬೀಡಿಕಟ್ಟು ತೆಗೆದು ಜೇಬಿಗೆ ಹಾಕಿಕೊಂಡ. ಎಲೆಯ ಎರಡು ಕಡೆ ಹಿಡಿದು, ಸಾರು ಚೆಲ್ಲದ ಹಾಗೆ ನಿಧಾನವಾಗಿ ಮಡಿಸಿದ.

"ಸರಿ ಕಣವ್ವ" ಅಂದ, ಫೋನಿಗೆ. "ಅಲ್ಲೇ ಉಣ್ಲಿ ಬುಡು."

ಆವತ್ತು ಅಂಗಳದಲ್ಲಿ ಅಜ್ಜಿಯ ತೋಳು ಹಿಡಿದುಕೊಂಡಿದ್ದಾಗ ಅನ್ನಬೇಕಾಗಿದ್ದ ಮಾತು ಅದು. ನಾನು ಫೋನಿಟ್ಟು ಹೊರಗೆ ಬಂದು, ಜಗಲಿ ಮೇಲೆ ಕೂತು, ಎಷ್ಟೋ ವರ್ಷದ ಮೇಲೆ ಚಿಕ್ಕಪ್ಪನಿಗಾಗಿ ಅತ್ತೆ. ಒಳಗೆ ಅಪ್ಪ ಎರಡೇ ಎಲೆಗೆ ಊದುಬತ್ತಿ ಹಚ್ಚಿ, ಬಾಗಿಲು ಎಳೆದುಕೊಂಡು ಹೊರಗೆ ಬಂದ.